ಉಲ್ಲೇಖಗಳ ಎಣಿಕೆಯೂ ವಿದ್ಯೆಯ ತೂಕವೂ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಅಯೋನಿಡಿಸ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 2019ರಿಂದೀಚೆಗೆ ಜಗತ್ತಿನ ಅಗ್ರಗಣ್ಯ ವಿಜ್ಞಾನಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಪ್ರಕಟಿಸುತ್ತ ಬಂದಿರುವರು. ನೂರಕ್ಕೆ ಇಬ್ಬರಂತೆ ಆರಿಸಿದ ಈ ಪಟ್ಟಿಯು ಹೊರಬಂದೊಡನೆ ಬೆಂಗಳೂರಿನಿಂದ ಮೊದಲ್ಗೊಂಡು ಜಿಲ್ಲಾ ಕೇಂದ್ರಗಳವರೆಗೆ ವಿದ್ಯಾಸಂಸ್ಥೆಗಳು ತಂತಮ್ಮ ಬೋಧಕರ ಹೆಸರುಗಳನ್ನು ಅದರಲ್ಲಿ ಹುಡುಕುವುವು. ಸಿಕ್ಕಿದರೆ ಹಾರ, ಸನ್ಮಾನ, ಪ್ರಕಟನೆಗಳಾಗುವುವು. ನಮ್ಮವರಿಗೆ ಮನ್ನಣೆ ದೊರೆತಾಗ ನಾವು ಹಿಗ್ಗುವುದು ಸಹಜವೇ. ಆದರೆ ಹಾರವು ಒಣಗಿದ ಮೇಲೆಯೂ ಆ ಅಂಕೆಯು ಕಚೇರಿಯ ಕಡತದಲ್ಲಿ ಉಳಿಯುವುದು. ಮುಂದೆ ನೇಮಕ, ಬಡ್ತಿ, ಧನಸಹಾಯಗಳ ಪ್ರಶ್ನೆ ಬಂದಾಗ ಅದೇ ತಕ್ಕಡಿಯಾಗುವುದು. ಆ ತಕ್ಕಡಿಯು ಏನನ್ನು ತೂಗುವುದು, ಏನನ್ನು ತೂಗಲಾರದು ಎಂಬುದನ್ನು ನಮ್ಮ ಅಧಿಕಾರಿಗಳೂ ನಾಗರಿಕರೂ ಒಮ್ಮೆ ವಿಚಾರಿಸಿ ನೋಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ವಿಷಯವು ಕಠಿಣವಾದುದೇನೂ ಅಲ್ಲ. ಒಬ್ಬ ವಿಜ್ಞಾನಿಯು ಬರೆದ ಪ್ರಬಂಧವನ್ನು ಇತರ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಇಂಥ ಉಲ್ಲೇಖಗಳನ್ನು ಒಂದೆಡೆ ಕಲೆಹಾಕಿ ಸೂಚಿಯನ್ನು ಮಾಡಬಹುದೆಂದು ಯೂಜೀನ್ ಗಾರ್‌ಫೀಲ್ಡ್ ಎಂಬ ಅಮೆರಿಕದ ವಿದ್ವಾಂಸರು 1955ರಲ್ಲಿ ಸೂಚಿಸಿ, 1964ರಲ್ಲಿ ಅದನ್ನು ಅಚ್ಚಿನಲ್ಲಿ ಹೊರತಂದರು. ಬೇಕಾದ ಗ್ರಂಥವನ್ನು ಬೇಕಾದವನು ಸುಲಭವಾಗಿ ಕಂಡುಕೊಳ್ಳಲೆಂಬುದೇ ಅದರ ಮೂಲೋದ್ದೇಶವಾಗಿದ್ದಿತು. ಇದಕ್ಕೂ ಮೊದಲು, 1948ರಲ್ಲಿಯೇ, ಗ್ರಂಥಾಲಯದ ಕಾರ್ಯಕ್ಕೆ ಗಣಿತವನ್ನು ಅನ್ವಯಿಸುವ ಶಾಸ್ತ್ರವೊಂದು ಬೇಕೆಂದು ಇಂಗ್ಲೆಂಡಿನ ಸಭೆಯೊಂದರಲ್ಲಿ ಹೇಳಿದವರು ನಮ್ಮವರೇ ಆದ ಎಸ್. ಆರ್. ರಂಗನಾಥನ್. ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ ತಮ್ಮ ಕಡೆಯ ವರ್ಷಗಳನ್ನು ಅಲ್ಲಿಯೇ ಕಳೆದರು. 2005ರಲ್ಲಿ ಹರ್ಷ್ ಎಂಬ ಭೌತಶಾಸ್ತ್ರಜ್ಞರು ಇನ್ನೊಂದು ಅಂಕೆಯನ್ನು ಕಲ್ಪಿಸಿದರು. ಒಬ್ಬನ ಪ್ರಬಂಧಗಳಲ್ಲಿ ಇಪ್ಪತ್ತು ಪ್ರಬಂಧಗಳು ತಲಾ ಇಪ್ಪತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕೆ ಇಪ್ಪತ್ತು. ಇದೇ ಇಂದು ಎಲ್ಲರ ಬಾಯಲ್ಲಿರುವ ಎಚ್-ಇಂಡೆಕ್ಸ್. ಪುಸ್ತಕವನ್ನು ಹುಡುಕಲು ಮಾಡಿದ ಕೈದೀವಿಗೆಯು ಹೀಗೆ ಕ್ರಮಕ್ರಮವಾಗಿ ಮನುಷ್ಯರನ್ನು ಅಳೆಯುವ ಗಜಕಡ್ಡಿಯಾಗಿ ಮಾರ್ಪಟ್ಟಿತು.

ಈ ಗಜಕಡ್ಡಿಯ ನಿಜವನ್ನು ತಿಳಿಯಲು ಮಾಲಿಕ್ಯುಲರ್ ಬಯಾಲಜಿ, ಎಂದರೆ ಜೀವದ ಅಣುಗಳನ್ನು ಶೋಧಿಸುವ ಶಾಸ್ತ್ರಕ್ಕಿಂತ ತಕ್ಕ ನಿದರ್ಶನ ಬೇರೆ ಬೇಕಿಲ್ಲ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ಡಿ.ಎನ್.ಎ. ಅಣುವಿನ ಜೋಡಿಸುರುಳಿಯ ರೂಪವನ್ನು ಪ್ರಕಟಿಸಿದರು. ಈ ಶಾಸ್ತ್ರದ ಸೌಧವೆಲ್ಲವೂ ಆ ತಳಹದಿಯ ಮೇಲೆ ಎದ್ದಿತೆಂದರೆ ಉತ್ಪ್ರೇಕ್ಷೆಯಾಗದು. ಅದಕ್ಕೆ ಎರಡು ವರ್ಷ ಮೊದಲು, 1951ರಲ್ಲಿ, ಲೌರಿ ಎಂಬವರು ದ್ರಾವಣವೊಂದರಲ್ಲಿ ಪ್ರೋಟೀನು ಎಷ್ಟಿದೆಯೆಂದು ಅಳೆಯುವ ಒಂದು ವಿಧಾನವನ್ನು ಪ್ರಕಟಿಸಿದ್ದರು. 2014ರಲ್ಲಿ ನೇಚರ್ ಪತ್ರಿಕೆಯು ಅತ್ಯಧಿಕವಾಗಿ ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿಯನ್ನು ಮಾಡಿಸಿದಾಗ, ಮೂರು ಲಕ್ಷಕ್ಕೂ ಮೀರಿದ ಉಲ್ಲೇಖಗಳೊಡನೆ ಮೊದಲನೆಯ ಸ್ಥಾನದಲ್ಲಿ ನಿಂತುದು ಲೌರಿಯವರ ವಿಧಾನ. ಡಿ.ಎನ್.ಎ.ಯ ರೂಪವನ್ನು ತಿಳಿಸಿದ ಪ್ರಬಂಧಕ್ಕೆ ಆ ನೂರರಲ್ಲಿ ಸ್ಥಳವೇ ದೊರೆಯಲಿಲ್ಲ. ಲೌರಿಯವರ ಕೆಲಸವು ಉಪಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೌಧ ಕಟ್ಟಿದವನಿಗಿಂತ ಮಟ್ಟಗೋಲು ಮಾಡಿದವನೇ ಹೆಚ್ಚು ಬಾರಿ ನೆನೆಯಲ್ಪಟ್ಟನೆಂಬುದನ್ನು ಕಂಡ ಮೇಲೂ, ಹೆಚ್ಚು ನೆನೆಯಲ್ಪಟ್ಟವನೇ ಹಿರಿಯನೆಂದು ತೀರ್ಪುಕೊಡುವುದು ವಿವೇಕವೆ?

ನಮ್ಮ ದೇಶದ ನಿದರ್ಶನವೂ ಇದನ್ನೇ ಹೇಳುವುದು. ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ಮದರಾಸಿನಲ್ಲಿದ್ದಾಗ, ಪ್ರೋಟೀನಿನ ಸರಪಳಿಯು ಯಾವ ಯಾವ ಕೋನಗಳಲ್ಲಿ ಬಾಗಬಲ್ಲುದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ಒಂದು ನಕ್ಷೆಯಲ್ಲಿ ತೋರಿಸಿಕೊಟ್ಟರು. ಬಳಿಕ ಅವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಇಂದು ಲೋಕದ ಯಾವ ಪ್ರಯೋಗಶಾಲೆಯಲ್ಲಿ ಪ್ರೋಟೀನಿನ ರೂಪವನ್ನು ನಿರ್ಣಯಿಸಿದರೂ ಅದು ಸರಿಯೋ ತಪ್ಪೋ ಎಂಬುದನ್ನು ರಾಮಚಂದ್ರನ್ ನಕ್ಷೆಗೆ ಹಿಡಿದು ನೋಡುವರು. ಆದರೆ ಹಾಗೆ ನೋಡುವವರೆಲ್ಲರೂ 1963ರ ಆ ಪ್ರಬಂಧವನ್ನು ಹೆಸರಿಸುವರೆ? ಇಲ್ಲ. ಎಲ್ಲರ ಆಸ್ತಿಯಾದ ವಿದ್ಯೆಗೆ ಯಾರೂ ರಸೀತಿಯನ್ನು ಬರೆಯುವುದಿಲ್ಲ. ವಿದ್ಯೆಯು ಬೇರುಬಿಟ್ಟಷ್ಟೂ ಅದರ ಉಲ್ಲೇಖವು ವಿರಳವಾಗಬಹುದೆಂಬುದು ಈ ಎಣಿಕೆಯ ಒಂದು ವಿಚಿತ್ರ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳಲ್ಲಿ ತೆಂಗು ಅಡಕೆಗಳ ತೋಟಗಳೆಷ್ಟೇ ಇರಲಿ, ಮಳೆಯನ್ನೇ ನಂಬಿದ ಹೊಲದ ಬೆಳೆಯೆಂದರೆ ರಾಗಿ. ಮಳೆ ಹದಿನೈದು ದಿನ ತಡೆದರೆ ರೈತನು ಆಕಾಶವನ್ನು ನೋಡುವನು. ಬೆಂಕಿರೋಗ ಬಿದ್ದರೆ ತೆನೆಯನ್ನು ನೋಡಿ ನಿಟ್ಟುಸಿರು ಬಿಡುವನು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವಿರುವುದು. ನಯಮಾಡಿದ ಅಕ್ಕಿಯಲ್ಲಿ ಅದು ಅತ್ಯಲ್ಪ. ಬಡವನ ಮಗುವಿನ ಮೂಳೆಯು ಗಟ್ಟಿಯಾಗಲು ಈ ಧಾನ್ಯವು ಎಷ್ಟು ನೆರವಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೂ ಗೋಧಿ, ಮುಸುಕಿನ ಜೋಳ, ಭತ್ತಗಳ ಮೇಲೆ ಪಾಶ್ಚಾತ್ಯ ದೇಶಗಳೂ ಚೀನಾ ಜಪಾನುಗಳೂ ಸುರಿದ ಹಣದಲ್ಲಿ ಒಂದು ಪಾಲೂ ರಾಗಿಗೆ ದೊರೆಯಲಿಲ್ಲ. ಭತ್ತದ ಜೀನೋಮ್, ಎಂದರೆ ವಂಶವಾಹಿಗಳ ಸಮಗ್ರ ಲಿಪಿ, 2005ರ ವೇಳೆಗೆ ಪೂರ್ಣವಾಗಿ ಓದಲ್ಪಟ್ಟಿತ್ತು. ರಾಗಿಯ ಲಿಪಿಗಾಗಿ ಮತ್ತೆ ಹನ್ನೆರಡು ವರ್ಷ ಕಾಯಬೇಕಾಯಿತು.

ಆ ಕಾರ್ಯವನ್ನು ಕೈಗೊಂಡವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಶೈಲಜಾ ಹಿಟ್ಟಲಮನಿಯವರೂ ಅವರ ಸಹೋದ್ಯೋಗಿಗಳೂ. ಎಂ.ಎಲ್. 365 ಎಂಬ ರಾಗಿ ತಳಿಯ ಲಿಪಿಯನ್ನು ಓದಿ 2017ರಲ್ಲಿ ಅವರು ಪ್ರಕಟಿಸಿದರು. ರಾಗಿಯ ಕಣದಲ್ಲಿ ಎರಡು ಪೂರ್ವಜ ಹುಲ್ಲುಗಳ ವಂಶವಾಹಿಗಳು ಜೊತೆಗೂಡಿ ಇರುವುದರಿಂದ ಈ ಲಿಪಿಯನ್ನು ಬಿಡಿಸಿ ಜೋಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಹಾಗಿದ್ದರೂ ಅಂದಾಜು ಲಿಪಿಯ ಶೇಕಡ 82ರಷ್ಟನ್ನು ಅವರು ಜೋಡಿಸಿದರು. 85,243 ವಂಶವಾಹಿಗಳನ್ನು ಗುರುತಿಸಿದರು. ಬರವನ್ನು ತಡೆಯುವುದಕ್ಕೆ ಸಂಬಂಧಪಟ್ಟವು 2,866. ಸುಣ್ಣದ ಸತ್ತ್ವವನ್ನು ಸಾಗಿಸಿ ಕೂಡಿಡುವುದಕ್ಕೆ ಸಂಬಂಧಪಟ್ಟವು 330 ಎಂದು ತೋರಿಸಿದರು. ಮರುವರ್ಷ ಸ್ವಿಟ್ಸರ್ಲೆಂಡಿನ ಜೂರಿಕ್ ವಿಶ್ವವಿದ್ಯಾನಿಲಯದವರು ಬೆಂಗಳೂರಿನ ವಿಜ್ಞಾನಿಗಳೊಡಗೂಡಿ ಮತ್ತೊಂದು ತಳಿಯ ಲಿಪಿಯನ್ನು ಪ್ರಕಟಿಸಿದರು. ಹಿಟ್ಟಲಮನಿಯವರ ಹಿಂದಿನ ಕೆಲಸವೂ ಕಡಿಮೆಯದಲ್ಲ: ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯವರೊಡನೆ, ಬೆಂಕಿರೋಗವನ್ನು ತಡೆಯುವ ಮೂರು ವಂಶವಾಹಿಗಳನ್ನು ಡಿ.ಎನ್.ಎ. ಗುರುತುಗಳ ಸಹಾಯದಿಂದ ಒಂದೇ ಭತ್ತದ ಗಿಡದಲ್ಲಿ ಕೂಡಿಸಿದ ಪ್ರಬಂಧವು 2000ದಲ್ಲಿ ಹೊರಬಂದಿತು. ಕೆಸರುಗದ್ದೆಯಿಲ್ಲದೆ ಬೆಳೆಯಬಹುದಾದ ಮಾಸ್ 946-1 ಎಂಬ ಭತ್ತದ ತಳಿಯು 2007ರಲ್ಲಿ ರೈತರಿಗೆ ಬಿಡುಗಡೆಯಾಯಿತು.

ಒಬ್ಬ ವಿಜ್ಞಾನಿಯ ಈ ಸಾಧನೆಯಲ್ಲಿ ಯಾವುದು ಉಲ್ಲೇಖದ ಲೆಕ್ಕಕ್ಕೆ ಸೇರುವುದು, ಯಾವುದು ಸೇರದು ಎಂಬುದನ್ನು ವಾಚಕರು ಗಮನಿಸಬೇಕು. 2000ದ ಪ್ರಬಂಧವು ಸೇರುವುದು. 2017ರ ಪ್ರಬಂಧವು ಸೇರುವುದು. ಆದರೆ 2007ರ ಭತ್ತದ ತಳಿಯು ಸೇರದು. ತಳಿಯೆಂಬುದು ಚೀಲದಲ್ಲಿ ತುಂಬಿದ ಬೀಜ. ಅದಕ್ಕೆ ಶೀರ್ಷಿಕೆಯಿಲ್ಲ, ಪುಟಸಂಖ್ಯೆಯಿಲ್ಲ. ಅದನ್ನು ಬಿತ್ತಿದ ರೈತನು ಕೂರಿಗೆಯ ಸಾಲಿನ ಕೆಳಗೆ ಅಡಿಟಿಪ್ಪಣಿಯನ್ನು ಬರೆಯುವವನಲ್ಲ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗೋಣ. ಲಿಪಿಯನ್ನು ಓದಲು ಆರಿಸಿಕೊಂಡ ಎಂ.ಎಲ್. 365 ತಳಿಯು ಎಲ್ಲಿಂದ ಬಂದಿತು? ಅದರ ಹೆತ್ತವರಲ್ಲಿ ಒಂದು ಇಂಡಾಫ್ 5. ಇಂಡಾಫ್ ಎಂಬ ಹೆಸರು ಇಂಡಿಯಾ ಮತ್ತು ಆಫ್ರಿಕಾಗಳ ಹೆಸರುಗಳನ್ನು ಕೂಡಿಸಿ ಮಾಡಿದುದು. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಈ ಸಂಕರ ತಳಿಗಳ ಸಾಲನ್ನೇ ಸೃಷ್ಟಿಸಿದರು. ರಾಗಿಯ ಹೂವು ಬಹಳ ಚಿಕ್ಕದು. ತನ್ನನ್ನು ತಾನೇ ಫಲಿಸಿಕೊಳ್ಳುವ ಸ್ವಭಾವದ್ದು. ಅದರಲ್ಲಿ ಸಂಕರ ಮಾಡಬೇಕಾದರೆ ಎಂಥ ತಾಳ್ಮೆ, ಎಂಥ ಕಣ್ಣು ಬೇಕೆಂಬುದನ್ನು ಬಲ್ಲವರೇ ಬಲ್ಲರು. ಜನರು ಅವರನ್ನು ರಾಗಿಬ್ರಹ್ಮರೆಂದು ಕರೆದರು. ಬೆಂಕಿರೋಗವನ್ನು ಚೆನ್ನಾಗಿ ತಡೆಯುವುದೆಂದು ನಮ್ಮ ಜಿಲ್ಲೆಯ ರೈತರು ಮೆಚ್ಚಿದ ಜಿ.ಪಿ.ಯು. 28 ಎಂಬ ತಳಿಯ ವಂಶಾವಳಿಯಲ್ಲಿಯೂ ಇಂಡಾಫ್ 5 ಮತ್ತು ಇಂಡಾಫ್ 9 ಇವೆ. ಹೀಗೆ ಮಂಡ್ಯದ ಹೊಲದಲ್ಲಿ ಇಕ್ಕುಳ ಹಿಡಿದು ಬಗ್ಗಿ ಕುಳಿತವರ ಕೆಲಸವು, ದಶಕಗಳ ಬಳಿಕ, ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಜೀನೋಮಿನ ಲಿಪಿಯಾಗಿ ಓದಲ್ಪಟ್ಟಿತು. 2017ರ ಪ್ರಬಂಧಕ್ಕೆ ಬರುವ ಒಂದೊಂದು ಉಲ್ಲೇಖದ ಹಿಂದೆಯೂ ಲಕ್ಷ್ಮಣಯ್ಯನವರ ಬೆರಳುಗಳಿವೆ. ಆದರೆ ಎಣಿಕೆಯ ಯಂತ್ರಕ್ಕೆ ಆ ಬೆರಳುಗಳು ಕಾಣಿಸವು.

ಈ ಕುರುಡುತನವು ಕೇವಲ ಮರ್ಯಾದೆಯ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಇದರಿಂದ ಮುಂದಿನ ಪೀಳಿಗೆಯ ಕೆಲಸವೇ ದಾರಿತಪ್ಪುವುದು. ಒಂದು ತಳಿಯನ್ನು ಸಿದ್ಧಪಡಿಸಲು ಎಂಟು ಹತ್ತು ವರ್ಷ ಹಿಡಿಯುವುದು. ಅಷ್ಟು ಕಾಲದಲ್ಲಿ ಅಮೆರಿಕ ಯೂರೋಪುಗಳಲ್ಲಿ ಬಳಕೆಯಲ್ಲಿರುವ ವಿಷಯವೊಂದನ್ನು ಹಿಡಿದವನು ಇಪ್ಪತ್ತು ಪ್ರಬಂಧಗಳನ್ನು ಬರೆದು ನೂರಾರು ಉಲ್ಲೇಖಗಳನ್ನು ಪಡೆಯಬಲ್ಲನು. ರಾಗಿಯ ವಿಷಯವನ್ನು ಓದುವವರೇ ಲೋಕದಲ್ಲಿ ಕಡಿಮೆ. ಆದುದರಿಂದ ಉಲ್ಲೇಖಿಸುವವರೂ ಕಡಿಮೆ. ಬುದ್ಧಿವಂತ ಯುವಕನು ಇದನ್ನು ಕಂಡು ಯಾವ ದಾರಿಯನ್ನು ಹಿಡಿಯುವನೆಂದು ಕೇಳಬೇಕೆ? ಕುಣಿಗಲ್ಲಿನ ಹೊಲಕ್ಕೆ ಬೇಕಾದ ಪ್ರಶ್ನೆಯನ್ನು ಬಿಟ್ಟು, ಬಾಸ್ಟನ್ನಿನ ಓದುಗನಿಗೆ ಬೇಕಾದ ಪ್ರಶ್ನೆಯನ್ನು ಎತ್ತಿಕೊಳ್ಳುವನು. ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ತಕ್ಕಡಿಯನ್ನು ಹಿಡಿದವರನ್ನು ಕೇಳಬೇಕು.

ಈ ತಕ್ಕಡಿಯು ಇನ್ನೊಂದು ಕೇಡನ್ನೂ ಮಾಡಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಬೋಧಕರ ಬಡ್ತಿಗೆ ಪ್ರಬಂಧಗಳ ಅಂಕಗಳನ್ನು ಗೊತ್ತುಮಾಡಿತು. ತುಮಕೂರು ವಿಶ್ವವಿದ್ಯಾನಿಲಯವು 2004ರಲ್ಲಿ ಸ್ಥಾಪಿತವಾದುದು. ಅದಕ್ಕೆ ಸೇರಿದ ತಾಲ್ಲೂಕು ಕಾಲೇಜುಗಳಲ್ಲಿ ಪಾಠ, ಪರೀಕ್ಷೆ, ಮೌಲ್ಯಮಾಪನಗಳಲ್ಲಿಯೇ ವರ್ಷ ಕಳೆಯುವ ಬೋಧಕನಿಗೆ ಪ್ರಯೋಗಶಾಲೆಯೆಲ್ಲಿ, ಬಿಡುವೆಲ್ಲಿ? ಆದರೂ ಪ್ರಬಂಧವು ಬೇಕೆಂದಾಗ, ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ದೇಶದಲ್ಲೆಲ್ಲ ಅಣಬೆಗಳಂತೆ ಎದ್ದುವು. ಆಯೋಗದ ಅಂಗೀಕೃತ ಪಟ್ಟಿಯಲ್ಲಿಯೇ ಅವು ಸೇರಿಕೊಂಡುವು. ಅದರ ಒಂದು ಭಾಗದಿಂದ ಆರಿಸಿದ ಸಾವಿರದಷ್ಟು ಪತ್ರಿಕೆಗಳನ್ನು ಪುಣೆಯ ವಿದ್ವಾಂಸರು ಪರೀಕ್ಷಿಸಿ, ಶೇಕಡ 88ರಷ್ಟು ಯೋಗ್ಯತೆಯ ಮಟ್ಟಕ್ಕೆ ಬಾರವೆಂದು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಆಯೋಗವು 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಬಳಿಕ ಬಂದ ಹೊಸ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಎಣಿಸುವುದನ್ನೇ ಗುರಿಯಾಗಿಟ್ಟರೆ ಎಣಿಕೆಗೆ ಬೇಕಾದ ಸರಕು ಸಿದ್ಧವಾಗುವುದೆಂಬ ಸಂತೆಯ ನಿಯಮವು ವಿದ್ಯೆಗೂ ಅನ್ವಯಿಸುವುದೆಂಬುದು ಇದರಿಂದ ಸಿದ್ಧವಾಯಿತು.

ಮತ್ತೊಂದು ಮಾತನ್ನು ದೇಶಾಭಿಮಾನಿಗಳು ಮರೆಯಬಾರದು. ಈ ಎಣಿಕೆಯ ಖಾತೆಪುಸ್ತಕಗಳು ನಮ್ಮವಲ್ಲ. ಒಂದು ಹಾಲೆಂಡಿನ ಎಲ್ಸೆವಿಯರ್ ಕಂಪೆನಿಯ ಸ್ಕೋಪಸ್. ಇನ್ನೊಂದು ಗಾರ್‌ಫೀಲ್ಡರ ಸೂಚಿಯಿಂದ ಬೆಳೆದುಬಂದು ಇಂದು ಕ್ಲಾರಿವೇಟ್ ಕಂಪೆನಿಯ ಕೈಯಲ್ಲಿರುವ ವೆಬ್ ಆಫ್ ಸೈನ್ಸ್. ಯಾವ ಪತ್ರಿಕೆಯನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವರೇ ತೀರ್ಮಾನಿಸುವರು. ಕನ್ನಡದಲ್ಲಿ ಬರೆದ ಕೃಷಿಲೇಖನಕ್ಕೆ ಅಲ್ಲಿ ಬೆಲೆಯಿಲ್ಲ. ವಿದೇಶೀ ಪತ್ರಿಕೆಗಳನ್ನು ಓದಲು ನಮ್ಮ ದೇಶವು ತೆರುವ ಹಣವೂ ಅಲ್ಪವಲ್ಲ. ಕೇಂದ್ರ ಸರಕಾರವು 2024ರ ನವೆಂಬರಿನಲ್ಲಿ ಒಪ್ಪಿದ ಏಕ ಚಂದಾ ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿದೆ. ಸುಮಾರು 13,000 ಪತ್ರಿಕೆಗಳು ಸರಕಾರೀ ಸಂಸ್ಥೆಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಿಂದ ತೆರೆದಿವೆ. ಈ ಯೋಜನೆಯನ್ನು ನಾವು ಸ್ವಾಗತಿಸುವೆವು. ತಾಲ್ಲೂಕಿನ ಸರಕಾರೀ ಕಾಲೇಜಿನ ಹುಡುಗನೂ ದೊಡ್ಡ ನಗರದ ವಿದ್ಯಾರ್ಥಿಯು ಓದುವ ಪ್ರಬಂಧವನ್ನೇ ಓದಬಹುದಾದುದು ದೊಡ್ಡ ಲಾಭ. ಆದರೆ ಓದಲು ಅಷ್ಟು ಹಣವನ್ನು ತೆತ್ತ ಮೇಲೆ, ನಮ್ಮ ಆಯ್ಕೆ ಸಮಿತಿಗಳು ಓದದೆಯೇ ಎಣಿಸುತ್ತ ಕುಳಿತರೆ ಆ ಹಣಕ್ಕೆ ಅರ್ಥವೇನು?

ಎದುರುಪಕ್ಷದ ವಾದವನ್ನು ಕೇಳದೆ ಬಿಡುವುದು ನ್ಯಾಯವಲ್ಲ. ಎಣಿಕೆಯನ್ನು ಬಿಟ್ಟರೆ ಏನಾಗುವುದೆಂದು ಅನೇಕರು ಕೇಳುವರು. ಸಮಿತಿಯ ವಿವೇಚನೆಗೆ ಬಿಟ್ಟರೆ ಜಾತಿ, ಬಂಧುತ್ವ, ಮಂತ್ರಿಗಳ ಶಿಫಾರಸು ಒಳನುಗ್ಗುವುವು. ಅಂಕೆಯಾದರೋ ಯಾರ ಮುಖವನ್ನೂ ನೋಡುವುದಿಲ್ಲ. ಆಸರೆಯಿಲ್ಲದ ಬಡ ಅಭ್ಯರ್ಥಿಗೆ ಅದೇ ರಕ್ಷೆ ಎಂಬುದು ಅವರ ಮಾತು. ಇದರಲ್ಲಿ ಸತ್ಯಾಂಶವಿದೆಯೆಂದು ನಾವು ಒಪ್ಪಿಕೊಳ್ಳುವೆವು. ನಮ್ಮ ವಿದ್ಯಾಸಂಸ್ಥೆಗಳ ಸಮಿತಿಗಳು ನಿಷ್ಪಕ್ಷಪಾತವೆಂಬ ಕೀರ್ತಿಯನ್ನು ಸಂಪಾದಿಸಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅಂಕೆಯೂ ಮುಖ ನೋಡದೆ ಇರುವುದಿಲ್ಲ: ದೊಡ್ಡ ಪ್ರಯೋಗಶಾಲೆಯ ಮುಖವನ್ನು ನೋಡುವುದು, ವಿದೇಶದ ಸಹಲೇಖಕನ ಮುಖವನ್ನು ನೋಡುವುದು, ಪರಸ್ಪರ ಉಲ್ಲೇಖಿಸಿಕೊಳ್ಳುವ ಕೂಟದ ಮುಖವನ್ನು ನೋಡುವುದು. ಆದುದರಿಂದ ಅಂಕೆಯನ್ನು ಸಾಕ್ಷಿಯಾಗಿ ಕರೆಯಲಿ, ನ್ಯಾಯಾಧೀಶನಾಗಿ ಕೂರಿಸದಿರಲಿ ಎಂಬುದೇ ನಮ್ಮ ವಾದ. ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದುರೆಯನ್ನು ಕೊಳ್ಳುವವನು ವಂಶಾವಳಿಯ ಕಾಗದವನ್ನು ನೋಡುವನು. ಆದರೆ ಕಾಗದವನ್ನು ಮಾತ್ರ ನೋಡಿ, ಕಾಲನ್ನು ಹಿಡಿದು ನೋಡದೆ, ಓಟವನ್ನು ಕಾಣದೆ ಯಾರೂ ಹಣವನ್ನು ಎಣಿಸುವುದಿಲ್ಲ.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ, ವಿಜ್ಞಾನದ ಹುದ್ದೆಗೆ ಬಂದ ಅಭ್ಯರ್ಥಿಯು ತನ್ನ ಪ್ರಬಂಧಗಳಲ್ಲಿ ಉತ್ತಮವಾದ ನಾಲ್ಕೈದನ್ನು ಮಾತ್ರ ಒಪ್ಪಿಸಲಿ. ವಿಷಯವನ್ನು ಬಲ್ಲ ಇಬ್ಬರು ಹೊರಗಿನವರು ಅವನ್ನು ಓದಿ ಬರೆವಣಿಗೆಯಲ್ಲಿ ಅಭಿಪ್ರಾಯ ಕೊಡಲಿ. ಆ ಅಭಿಪ್ರಾಯವು ಅಭ್ಯರ್ಥಿಗೂ ತೋರಿಸಲ್ಪಡಲಿ. ಬೆಳಕಿನಲ್ಲಿ ಬರೆದ ಅಭಿಪ್ರಾಯಕ್ಕೆ ಶಿಫಾರಸಿನ ಭಯ ಕಡಿಮೆ. ಎರಡನೆಯದಾಗಿ, ಬಿಡುಗಡೆಯಾದ ತಳಿ, ಕಾಪಾಡಿದ ಬೀಜಸಂಗ್ರಹ, ಇತರರಿಗೆ ತೆರೆದಿಟ್ಟ ಅಂಕಿಅಂಶ, ಕನ್ನಡದಲ್ಲಿ ರೈತರಿಗಾಗಿ ಬರೆದ ಕೈಪಿಡಿ, ಇವುಗಳಿಗೆ ಪ್ರಬಂಧಕ್ಕೆ ಸಮಾನವಾದ ಸ್ಥಾನ ದೊರೆಯಲಿ. ಮೂರನೆಯದಾಗಿ, ಪ್ರಯೋಗಶಾಲೆಯಿಲ್ಲದ ಕಾಲೇಜಿನ ಬೋಧಕನನ್ನು ಪಾಠದಿಂದಲೇ ಅಳೆಯಲಿ. 2018ರ ನಿಯಮಾವಳಿಯು ಕಾಲೇಜು ಬೋಧಕರ ಮೇಲಿನ ಪ್ರಬಂಧದ ಹೊರೆಯನ್ನು ಸ್ವಲ್ಪ ಇಳಿಸಿತು. 2025ರ ಜನವರಿಯಲ್ಲಿ ಪ್ರಕಟವಾದ ಕರಡು ಹಳೆಯ ಅಂಕಪದ್ಧತಿಯನ್ನು ಬಿಟ್ಟು, ದೇಶಭಾಷೆಗಳಲ್ಲಿನ ಬೋಧನೆಯೇ ಮೊದಲಾದ ಬಗೆಬಗೆಯ ಸೇವೆಗಳನ್ನು ಪರಿಗಣಿಸಬೇಕೆಂದು ಸೂಚಿಸಿತು. ಕುಲಪತಿಗಳ ನೇಮಕದ ವಿಷಯದಲ್ಲಿ ಆ ಕರಡಿನ ಮೇಲೆ ನಮ್ಮ ರಾಜ್ಯ ಸರಕಾರವು ಎತ್ತಿದ ಆಕ್ಷೇಪಣೆಯು ಬೇರೆ. ಈ ಒಂದು ಅಂಶವನ್ನು ಮಾತ್ರ ರಾಜ್ಯದ ವಿಶ್ವವಿದ್ಯಾನಿಲಯಗಳು ಯಾರ ಅಪ್ಪಣೆಗೂ ಕಾಯದೆ ತಾವಾಗಿಯೇ ಕೈಗೊಳ್ಳಬಹುದು.

ಇಂಥ ಕಣ್ಣಿನಿಂದ ನೋಡಿದರೆ ನಮ್ಮ ಜಿಲ್ಲೆಯಲ್ಲಿಯೇ ಕಾಣತಕ್ಕುದು ಬಹಳವಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದರ ಹೊಲದಲ್ಲಿದ್ದ ಹಲಸಿನ ಮರದ ಕೆಂಪು ತೊಳೆಯಲ್ಲಿ ವಿಶೇಷ ಸತ್ತ್ವವಿರುವುದನ್ನು ತೋಟಗಾರಿಕೆ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ ತಿಳಿದರು. 2017ರ ಸುಮಾರಿಗೆ ಆ ರೈತನೊಡನೆ ಒಪ್ಪಂದ ಮಾಡಿಕೊಂಡು ‘ಸಿದ್ದು’ ಎಂಬ ಹೆಸರಿನ ತಳಿಯಾಗಿ ಅದರ ಸಸಿಗಳನ್ನು ಬೆಳೆಸುವ ಏರ್ಪಾಡು ಮಾಡಿದರು. ಮರವು ರೈತನದು, ವಿದ್ಯೆಯು ಸಂಸ್ಥೆಯದು, ಲಾಭವು ಇಬ್ಬರದು. ಗುಬ್ಬಿಯಲ್ಲಿಯೇ ನೆಲೆಗೊಂಡ ಗುಬ್ಬಿ ಲ್ಯಾಬ್ಸ್ ಎಂಬ ಸಂಸ್ಥೆಯು ಸಂಶೋಧನೆಗಳ ವಾರ್ತೆಯನ್ನು ಕನ್ನಡದಲ್ಲಿಯೂ ಪ್ರಕಟಿಸಿ ಜನರಿಗೆ ತಲುಪಿಸಿದೆ. ಇವೆರಡಕ್ಕೂ ಎಚ್-ಇಂಡೆಕ್ಸಿನಲ್ಲಿ ಎಷ್ಟು ಅಂಕ ಬರುವುದೋ ನಾವು ವಿಚಾರಿಸಹೋಗುವುದಿಲ್ಲ. ವಿದ್ಯೆಯು ಊರಿಗೆ ತಿರುಗಿ ಬಂದುದಕ್ಕೆ ಇವು ಗುರುತುಗಳು.

ಪ್ರೊಫೆಸರ್ ಹಿಟ್ಟಲಮನಿಯವರ ಪ್ರಬಂಧವನ್ನು ಲೋಕದ ವಿದ್ವಾಂಸರು ಉಲ್ಲೇಖಿಸಲಿ. ಎಷ್ಟು ಹೆಚ್ಚು ಉಲ್ಲೇಖಿಸಿದರೆ ನಮಗೆ ಅಷ್ಟು ಸಂತೋಷ. ಆದರೆ ಅವರು ಗುರುತಿಸಿದ 2,866 ವಂಶವಾಹಿಗಳ ತಿಳಿವಳಿಕೆಯು ಮಳೆ ತಡೆದ ವರ್ಷದಲ್ಲಿ ಕುಣಿಗಲ್ಲಿನ ಒಂದು ಹೊಲದಲ್ಲಿ ತೆನೆಯಾಗಿ ನಿಲ್ಲುವುದು ಎಂದು? ಅದಕ್ಕೆ ಬೇಕಾದ ಹತ್ತು ವರ್ಷಗಳನ್ನು ಕಳೆಯಲು ಸಿದ್ಧನಾದ ಯುವ ವಿಜ್ಞಾನಿಗೆ ನಮ್ಮ ಕಚೇರಿಗಳು ಬಡ್ತಿಯನ್ನು ಕೊಡುವುವೋ, ಪ್ರಬಂಧ ಸಾಲದೆಂದು ಅರ್ಜಿಯನ್ನು ಹಿಂದಿರುಗಿಸುವುವೋ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಹಾಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇಲ್ಲ; ತುಮಕೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಆಯ್ಕೆ ಸಮಿತಿಗಳ ಮೇಜಿನ ಸುತ್ತ ಕುಳಿತಿರುವರು. ಮುಂದಿನ ಸಭೆಯಲ್ಲಿ ಅವರು ಅಂಕೆಯ ಕಾಗದವನ್ನು ಪಕ್ಕಕ್ಕಿಟ್ಟು ಒಂದು ಪ್ರಬಂಧವನ್ನಾದರೂ ಓದಲೆಂದು, ಒಂದು ಹೊಲವನ್ನಾದರೂ ನೋಡಿಬರಲೆಂದು ನಾವು ವಿನಯಪೂರ್ವಕವಾಗಿ ಕೇಳಿಕೊಳ್ಳುವೆವು.